ಜನರಲ್‌ಗಳಿಗೆಂದು ಬಿಟ್ಟ ಓರೆ

ಯೆಲಿಸೇಯ್ ಕುಜ್ಮಿಚ್ ಪ್ರಯಾಖಿನ್ ಹುಟ್ಟಿದ್ದು 1911ರ ಮಾರ್ಚ್ 3ರಂದು. ತೀರಿಕೊಂಡದ್ದು 1981ರ ಅಕ್ಟೋಬರ್ 9, ಶುಕ್ರವಾರ. ಈ ನಡುವೆ ಅವರು ಮಾಸ್ಕೋದ ಅಂಚಿನಲ್ಲಿದ್ದ ನಮ್ಮ ವಿಮಾನ ವಿನ್ಯಾಸಾಲಯದಲ್ಲಿ ಮೊದಲ ಬಡಗಿ ತಂಡದ ಮುಖ್ಯಸ್ಥರಾಗಿ ಆರು ಯುದ್ಧವಿಮಾನಗಳನ್ನು ಮರದಲ್ಲಿ ಕಟ್ಟಿದರು. ಅವುಗಳಲ್ಲಿ ಒಂದೂ ಹಾರಲಿಲ್ಲ.

ಮರದ್ದೆಂದರೆ ಆಟಿಕೆಯಲ್ಲ. ಲೋಹಕ್ಕೆ ಕೈ ಹಾಕುವ ಮೊದಲು ಹೊಸ ವಿಮಾನವನ್ನು ಪೈನ್ ಹಲಗೆ, ಪ್ಲೈವುಡ್‌ಗಳಲ್ಲಿ ನಿಜಗಾತ್ರಕ್ಕೆ ಕಟ್ಟಿ ವಾಯುಪಡೆಯ ಸಮಿತಿಗೆ ತೋರಿಸುವುದು ನಮ್ಮ ಪದ್ಧತಿಯಾಗಿತ್ತು. ಜನರಲ್‌ಗಳು ಒಳಗೆ ಕೂತು, ಹಿಡಿಕೆಗಳನ್ನು ಎಳೆದು ನೋಡಿ, ತಕರಾರುಗಳನ್ನು ಬರೆಸುತ್ತಿದ್ದರು. ಬರೆದುಕೊಳ್ಳುತ್ತಿದ್ದವನು ನಾನು, ನಕ್ಷೆ ತಪಾಸಣೆಯ ವಿಭಾಗದವನು. ಆದ್ದರಿಂದ ಇಲ್ಲಿನ ಅಂಕಿಗಳನ್ನು ನಂಬಬಹುದು.

ಪ್ರಯಾಖಿನ್‌ರ ಮೊದಲ ವಿಮಾನದ ಕೆಲಸ 1950ರಲ್ಲಿ ನಿಂತುಹೋಯಿತು, ಬೇರೊಂದು ವಿನ್ಯಾಸಾಲಯದ್ದು ಎರಡು ತಿಂಗಳು ಮುಂಚೆ ಹಾರಿಬಿಟ್ಟಿತ್ತು. 1960ರ ಒಂದೇ ಚಳಿಗಾಲದಲ್ಲಿ ಎರಡು ಹೋದವು. ಕ್ಷಿಪಣಿಗಳಿರುವಾಗ ಬಾಂಬರ್ ಏಕೆ ಎಂದು ಮೇಲಿನವರಿಗೆ ತೋರಿತ್ತು. ಮತ್ತೆರಡಕ್ಕೆ ಕಾರಣವನ್ನೇ ಹೇಳಲಿಲ್ಲ. ನಿಂತುಹೋದ ವಿಮಾನದ ಮಾದರಿಯನ್ನು ಗರಗಸದಿಂದ ಕೊಯ್ದು ಹಲಗೆಗಳನ್ನು ಬಡಗಿಗಳಿಗೇ ಹಂಚುತ್ತಿದ್ದರು. ಪ್ರಯಾಖಿನ್‌ರ ತೋಟದ ಮನೆಯ ಜಗಲಿ, ಕೋಳಿಗೂಡು, ಕಕ್ಕಸು ಎಲ್ಲವೂ ಬಾಂಬರ್‌ಗಳೇ.

"ಭಾವ, ನಿನ್ ಕೋಳಿಗಳು ಪುಣ್ಯ ಮಾಡಿವೆ ಬಿಡು. ಪೈಲಟ್ ಕೂರೋ ಜಾಗದಲ್ಲಿ ಮೊಟ್ಟೆ ಇಡ್ತವೆ" ಎನ್ನುತ್ತಿದ್ದ ಸಾವೆಲಿ.

ಸಾವೆಲಿ ಗೊರ್ದೇಯಿಚ್ ತುಗಾರಿನ್ ಎಂದರೆ ಪ್ರಯಾಖಿನ್‌ರ ಹೆಂಡತಿ ಗ್ಲಫೀರಾಳ ತಮ್ಮ, ಎರಡನೆಯ ಬಡಗಿ ತಂಡದ ಮುಖ್ಯಸ್ಥ. ಅವನು ಕಟ್ಟಿದ್ದು ಮೂರೇ, ಎರಡು ಲೋಹದಲ್ಲಿ ತಯಾರಾಗಿ ಹಾರಿದ್ದವು. 1961ರ ಜುಲೈ 9ರ ಭಾನುವಾರ ವಾಯುಪ್ರದರ್ಶನದಲ್ಲಿ ತುಶಿನೋ ಮೈದಾನದ ಮೇಲೆ ಅವು ಸಾಲುಗಟ್ಟಿ ಹಾದುಹೋದಾಗ ನಾವೆಲ್ಲ ಅಲ್ಲಿದ್ದೆವು. ಸಾವೆಲಿ ಟೋಪಿ ತೆಗೆದು, "ನಮ್ದು" ಎಂದನಷ್ಟೆ. ಗ್ಲಫೀರಾ ಕಣ್ಣೊರೆಸಿಕೊಂಡಳು.

"ಅಳೋದ್ಯಾಕೆ? ಸೂರ್ಯನ್ನ ನೋಡಿದ್ಯಾ?" ಎಂದರು ಪ್ರಯಾಖಿನ್.

"ನನ್ ತಮ್ಮಂದಲ್ವಾ ಕುಜ್ಮಿಚ್, ಅದಕ್ಕೆ."

"ಹೂಂ, ಸೂರ್ಯನ್ನೂ ಅವನೇ ಕೆತ್ತಿದ್ದು ಅಂತ ಹೇಳ್ಬಿಡು."

ಅಂದಿನಿಂದ ಅವರಿಗೆ ಬೇಕಾದದ್ದು ಒಂದೇ: ನಿವೃತ್ತಿಗೆ ಮುನ್ನ ತಮ್ಮದೊಂದು ಹಾರಬೇಕು, ಅದೂ ಸಾವೆಲಿ ಕತ್ತೆತ್ತಿ ನೋಡುತ್ತಿರುವಾಗ.

ಅವಕಾಶ ಬಂದದ್ದು 1968ರಲ್ಲಿ. ಒಂದೇ ಬಾಂಬರ್‌ಗೆ ಎರಡು ರೂಪಗಳು ಸಿದ್ಧವಾದವು. ಪ್ರಯಾಖಿನ್‌ರದು ಅಗಲ ಮೂತಿಯದು. ಇಬ್ಬರು ಪೈಲಟ್‌ಗಳು ಪಕ್ಕಪಕ್ಕದಲ್ಲಿ ಕೂರುವಂಥದ್ದು, ಭಾರದ್ದು, ಇನ್ನೂ ತಯಾರಾಗಬೇಕಿದ್ದ ಎಂಜಿನ್ ಬೇಡುವಂಥದ್ದು. ಸಾವೆಲಿಯದು ಸಪೂರ, ಒಬ್ಬರ ಹಿಂದೊಬ್ಬರು ಕೂರುವಂಥದ್ದು. ಅದಕ್ಕೆ ಬೇಕಾದ ಎಂಜಿನ್ ಆಗಲೇ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಒಂದನ್ನು ಮಾತ್ರ ಆರಿಸಬೇಕಿತ್ತು.

ಇಲ್ಲಿ ನಮ್ಮ ಬಡಗಿಗಳ ಒಂದು ವಾಡಿಕೆಯನ್ನು ಹೇಳಬೇಕು. ಅವರು ಮಾದರಿಯಲ್ಲಿ ಕಣ್ಣಿಗೆ ಬೀಳುವ ಕಡೆ ಐದಾರು ಸಣ್ಣ ಓರೆಗಳನ್ನು ಬೇಕೆಂದೇ ಬಿಡುತ್ತಿದ್ದರು: ಒಂದು ಸಡಿಲ ಹಿಡಿಕೆ, ಮೊಣಕಾಲಿಗೆ ತಾಗುವ ಒಂದು ಪಟ್ಟಿ. ಜನರಲ್‌ಗಳು ಅವನ್ನು ಕಂಡುಹಿಡಿದು, ಬರೆಸಿ, ತೃಪ್ತಿಯಿಂದ ಊಟಕ್ಕೆ ಏಳುತ್ತಿದ್ದರು. ಸಣ್ಣ ತಪ್ಪು ಸಿಗದ ಜನರಲ್ ದೊಡ್ಡದನ್ನು ಹುಡುಕುತ್ತಾನೆ.

ಸಮಿತಿ ಬಂದದ್ದು ಮಾರ್ಚ್ 12, ಮಂಗಳವಾರ. ಬುಧವಾರ ಎನ್ನುವವರ ನೆನಪು ತಪ್ಪು. ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿನಲ್ಲಿದ್ದಾಗ ಪ್ರಯಾಖಿನ್ ಸ್ಕ್ರೂಡ್ರೈವರ್ ಹಿಡಿದು ಬಾಮೈದನ ವಿಮಾನವನ್ನು ಹತ್ತಿದರು. ಅವರು ಏನನ್ನೂ ಕೆಡಿಸಲಿಲ್ಲ. ಸಾವೆಲಿ ಬಿಟ್ಟಿದ್ದ ಆರು ಓರೆಗಳನ್ನೂ ನೀಟಾಗಿ ಸರಿಪಡಿಸಿ ಇಳಿದುಬಂದರು.

ಮರುದಿನ ಅವರ ವಿಮಾನದಲ್ಲಿ ಸಮಿತಿ ನಲವತ್ತು ನಿಮಿಷವಿದ್ದು ಹತ್ತೊಂಬತ್ತು ತಕರಾರು ಬರೆಸಿತು, ಎಲ್ಲವೂ ಅಲ್ಪ. ಸಾವೆಲಿಯದರಲ್ಲಿ ಮೂರು ಗಂಟೆ ಕೂತಿತು. ಸಣ್ಣದೇನೂ ಸಿಗದೆ ಹಿರಿಯ ಜನರಲ್ ಹಿಂದಿನ ಆಸನಕ್ಕೇ ಹೋಗಿ ಕೂತು, ಮುಂದಿನವನ ತಲೆಯ ಹೊರತು ಏನೂ ಕಾಣುವುದಿಲ್ಲವೆಂದು ಗುಡುಗಿದ. ಅರವತ್ತೆರಡು ತಕರಾರು. ನನ್ನ ಶಾಯಿ ಮುಗಿಯಿತು. ಪ್ರಯಾಖಿನ್‌ರ ವಿಮಾನ ಆಯ್ಕೆಯಾಯಿತು. ಸಾವೆಲಿಯದನ್ನು ಏಪ್ರಿಲ್‌ನಲ್ಲಿ ಕೊಯ್ದರು.

ಆ ಬೇಸಗೆಯಲ್ಲಿ ಪ್ರಯಾಖಿನ್ ಹತ್ತು ವರ್ಷ ಎಳೆಯರಾದಂತೆ ಕಂಡರು. ಆದರೆ ಹೊಸ ಎಂಜಿನ್ ಬರಲೇ ಇಲ್ಲ. ಲೆಕ್ಕಕ್ಕಿಂತ ಮುನ್ನೂರು ಕಿಲೋ ಹೆಚ್ಚು ತೂಗಿತು. ಪರೀಕ್ಷೆಯಲ್ಲಿ ಎರಡು ಸಲ ಸಿಡಿಯಿತು. ನವೆಂಬರ್ 29ರ ಶುಕ್ರವಾರ ಒಂದು ಸಾಲಿನ ಆದೇಶ ಬಂತು: ಕೆಲಸ ನಿಲ್ಲಿಸಿ. ಇದ್ದ ಎಂಜಿನ್‌ನಲ್ಲೇ ಹಾರಬಹುದಾಗಿದ್ದ ವಿಮಾನ ಅಷ್ಟರಲ್ಲಿ ಸಾವೆಲಿಯ ಸೌದೆಮನೆಯ ಗೋಡೆಯಾಗಿತ್ತು.

ಮುಂದಿನ ಆಗಸ್ಟ್‌ನ ಒಂದು ಭಾನುವಾರ, 1969ರ 17ರಂದು, ಪ್ರಯಾಖಿನ್‌ರ ಜಗಲಿಯಲ್ಲಿ ಬೇಯಿಸಿದ ಆಲೂಗಡ್ಡೆ, ಉಪ್ಪುನೀರಿನ ಸೌತೆಕಾಯಿ ಇಟ್ಟುಕೊಂಡು ಕೂತಿದ್ದೆವು. ಸಾವೆಲಿ ಜೇಬಿನಿಂದ ಕೊಯ್ದ ತನ್ನ ವಿಮಾನದ ಒಂದು ಪ್ಲೈವುಡ್ ತುಂಡು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲೊಂದು ಹಿಡಿಕೆ, ನಾಲ್ಕು ಸ್ಕ್ರೂ. ನಾಲ್ಕರ ತಲೆಯ ಗೀರುಗಳೂ ನೆಟ್ಟಗೆ, ಒಂದೇ ದಿಕ್ಕಿಗೆ.

"ಇಡೀ ಕಾರ್ಖಾನೇಲಿ ಹಿಂಗೆ ಗೀರು ಹೊಂದಿಸೋ ಹುಚ್ಚ ಒಬ್ನೇ ಭಾವ."

ಪ್ರಯಾಖಿನ್ ತುಂಡನ್ನು ಕೈಗೆತ್ತಿಕೊಂಡರು. "ಯಾವಾಗ ನೋಡ್ದೆ?"

"ಸಮಿತಿ ಬರೋಕೆ ಒಂದು ಗಂಟೆ ಮುಂಚೆ."

"ಮತ್ತೆ ಬಿಚ್ಚೋದಲ್ವೇನೋ? ಐದು ನಿಮಿಷದ ಕೆಲ್ಸ!"

"ಸ್ಕ್ರೂಡ್ರೈವರ್ ಹಿಡ್ಕೊಂಡೇ ಹತ್ತಿದ್ದೆ. ಆಮೇಲೆ ಅನ್ನಿಸ್ತು, ನಂಗೆ ಎರಡು ಹಾರಿವೆ. ಅಕ್ಕ ನಿನ್ ಗೊಣಗಾಟ ಕೇಳಿ ಕೇಳಿ ಸಾಕಾಗಿದಾಳೆ. ಇದೊಂದು ನಿಂದೇ ಹಾರ್ಲಿ ಅಂತ ಇಳಿದೆ. ಸೌತೆಕಾಯಿ ಈ ಕಡೆ ತಳ್ಳು."

ಪ್ರಯಾಖಿನ್ ತಟ್ಟೆಯನ್ನು ತಳ್ಳಿದರು.  ಸಂಜೆ 7 ಗಂಟೆ 40ರ ರೈಲಿಗೆ ನನ್ನನ್ನು ಬಿಡಲು ನಿಲ್ದಾಣಕ್ಕೆ ಬಂದವರು, ಗಾಡಿ ಕಣ್ಣಿಗೆ ಬಿದ್ದಾಗ ನನ್ನ ತೋಳು ಹಿಡಿದರು.

"ನೋಡಿದ್ರಾ? ಬಿಟ್ಟುಕೊಡೋದ್ರಲ್ಲೂ ಅವನೇ ಮುಂದೆ. ಅಷ್ಟನ್ನಾದ್ರೂ ನಂಗೆ ಉಳಿಸಬಾರ್ದಿತ್ತಾ?"