ನಾಚಿಕೆ ಬಿಡಿಸುವ ನರ್ಸಕ್ಕ

ಕ್ಯಾನ್ಸರ್ ವಾರ್ಡಿನ ನರ್ಸಕ್ಕನ ಬಾಯಲ್ಲಿ ನಮಸ್ಕಾರಕ್ಕಿಂತ ಮೊದಲು ಬರುವ ಮಾತು, "ಮೋಷನ್ ಆಯ್ತಾ?" ಒಮ್ಮೆ ವಾರ್ಡಿನ ತಪಾಸಣೆಗೆ ಬಂದ ದೊಡ್ಡ ಸಾಹೇಬರನ್ನೂ ಹಾಗೇ ಕೇಳಿಬಿಟ್ಟಿದ್ದರಂತೆ. ಮಾರ್ಫಿನ್ ಮಾತ್ರೆ ಕೊಟ್ಟ ಕೈಯಲ್ಲೇ ಹೊಟ್ಟೆ ಸಡಿಲಿಸುವ ಸಿರಪ್ಪನ್ನೂ ಕೊಟ್ಟು, "ನೋವಿನ ಮಾತ್ರೆ ಮಲ ಕಟ್ಟುತ್ತೆ, ಇದು ಬಿಡಿಸುತ್ತೆ, ಎರಡೂ ಅಕ್ಕ ತಂಗಿ, ಅಗಲಿಸ್ಬೇಡಿ" ಎನ್ನುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಸಿರಪ್ ಸಾಲದೆ ಮಲ ಕಟ್ಟಿದ್ದನ್ನು ಹೇಳಲು ನಾಚಿ, ನಾಲ್ಕು ದಿನ "ಹೂಂ, ಆಯ್ತು" ಎಂದು ಸುಳ್ಳಾಡಿ, ಕೊನೆಗೆ ನೋವಿನ ಮಾತ್ರೆಯನ್ನೇ ಗುಟ್ಟಾಗಿ ಬಿಟ್ಟು ಹಲ್ಲು ಕಚ್ಚಿ ಮಲಗಿದ್ದರು. ದಿಂಬಿನಡಿ ಮಾತ್ರೆಗಳು ಸಿಕ್ಕಾಗ ನರ್ಸಕ್ಕ ಬೈಯಲಿಲ್ಲ. ಪರದೆ ಎಳೆದು, ಪಕ್ಕದಲ್ಲಿ ಕೂತು, "ನಮ್ಮಮ್ಮನೂ ಹೀಗೇ ಮಾಡಿದ್ರು ಸಾರ್. ಆಗ ಮೋಷನ್ ಆಯ್ತಾ ಅಂತ ನಾನು ಒಂದು ಮಾತೂ ಕೇಳ್ಲಿಲ್ಲ" ಎಂದರು. ಮೇಷ್ಟ್ರು ಅವರ ಕೈ ಹಿಡಿದು, "ನಾಲ್ಕು ದಿನ ಆಯ್ತಮ್ಮ" ಎಂದರು.