ಎದ್ದು ಹೋದ ಮೇಲೂ ಉಳಿಯುವ ಹೆಸರು

ಡಿಪ್ಲೊಮಾ ಮುಗಿಯುವವರೆಗೂ ಮುಸರತ್ ಅವರಿಗೆ ಸ್ವಂತ ಕಂಪ್ಯೂಟರ್ ಇರಲಿಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ ಬೇರೆಯವರು ಎದ್ದ ಕುರ್ಚಿಯಲ್ಲಿ ಕೂತು ಕಲಿತವರು. ಪರದೆಯ ಮೇಲೆ ಹಿಂದಿನವರ ಖಾತೆ ತೆರೆದೇ ಇರುತ್ತಿತ್ತು. ಅದನ್ನು ಮುಚ್ಚಿ ತಮ್ಮದನ್ನು ತೆರೆಯುವುದು ಆಗ ಅಭ್ಯಾಸವಾಯಿತು. ಈಗ ಅದೇ ಉದ್ಯೋಗ.

ಸೋಮವಾರ, ಇನ್ನೂ ಬೆಳಕು ಹರಿದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಹೊಗೆ ಎದ್ದಿದೆ. ಕಿಟಕಿ ಮುಚ್ಚಿಕೊಂಡು ಮುಸರತ್ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಅವರಿರುವ ಸಣ್ಣ ಕಂಪನಿ ರಕ್ತಪರೀಕ್ಷೆಯ ಲ್ಯಾಬ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಅದರಲ್ಲಿ ಲಾಗಿನ್ ಭಾಗ ಇವರದು. ಹೆಸರು, ಪಾಸ್‌ವರ್ಡ್ ಕೊಟ್ಟವರನ್ನು ಒಮ್ಮೆ ನಂಬಿದ ಯಂತ್ರ ಗುಟ್ಟಾಗಿ ಒಂದು ಚೀಟಿ ಕೊಡುತ್ತದೆ. ಆಮೇಲೆ ಪ್ರತಿ ಸಲವೂ ಆ ಚೀಟಿಯನ್ನಷ್ಟೇ ನೋಡುತ್ತದೆ, ಮುಖವನ್ನಲ್ಲ. ಚೀಟಿ ಕೊಡುವ, ಹರಿದು ಹಾಕುವ ಪ್ರೋಗ್ರಾಮ್ ಬರೆಯುವುದು ಮುಸರತ್.

"ಕೊಡೋದು ಸಲೀಸು. ಯಾವಾಗ ಹರೀಬೇಕು ಅನ್ನೋದೇ ತಲೆನೋವು," ಎನ್ನುತ್ತಾರೆ.

ಭಟ್ಟಿಯಿಂದ ಚಹಾಕ್ಕೆಂದು ಬಂದ ತಂದೆ ಹಯಾತ್ ಸಾಬ್ ಬಾಗಿಲಲ್ಲಿ ನಿಂತು ಕೆಣಕುತ್ತಾರೆ: "ಬಾಗಿಲು ಹಾಕಾಕ ಇಷ್ಟು ಓದಬೇಕಾ ಬೇಟಿ? ನಮ್ಮ ಭಟ್ಟಿಗೆ ಬಾಗಿಲೇ ಇಲ್ಲ."

"ಅದಕ್ಕೇ ಅಬ್ಬಾ, ಹೊಗೆಯೆಲ್ಲ ನಮ್ಮ ಮನ್ಯಾಗೈತೆ."

ಇವತ್ತು ಮುಸರತ್ ಮುಚ್ಚುತ್ತಿರುವುದು ಹರಿಹರದ ಒಂದು ಲ್ಯಾಬ್‌ನ ಲಾಗಿನ್‌ಗಳನ್ನು. ಅಲ್ಲಿ ಮೂವರಿಗೆ ಒಂದೇ ಕಂಪ್ಯೂಟರ್. ಬೆಳಿಗ್ಗೆ ಮೊದಲು ಬಂದವರು ಅಂಗಡಿ ಶಟರ್ ಎತ್ತಿದಂತೆ ತಮ್ಮ ಹೆಸರಿನಲ್ಲಿ ತೆರೆಯುತ್ತಾರೆ, ಉಳಿದವರು ದಿನವಿಡೀ ಅದರಲ್ಲೇ ದುಡಿಯುತ್ತಾರೆ. ಹೊರಡುವಾಗ ಟಿ.ವಿ. ಆರಿಸಿದಂತೆ ಮಾನಿಟರ್ ಆರಿಸುತ್ತಾರೆ. ಅಲ್ಲಿಗೆ ಮುಗಿಯಿತೆಂದು ಅವರ ಲೆಕ್ಕ. ಪರದೆಯ ಹಿಂದೆ ಲಾಗಿನ್ ಹಾಗೇ ಇರುತ್ತದೆ.

ಯಾರೂ ಮುಟ್ಟದೆ ಹತ್ತು ನಿಮಿಷವಾದರೆ ತಾನೇ ಮುಚ್ಚುವಂತೆ ಮುಸರತ್ ಮೊದಲೇ ಮಾಡಿದ್ದರು. ಸೂಜಿ ಚುಚ್ಚಿ ಬರುವಷ್ಟರಲ್ಲಿ ಅರ್ಧ ಟೈಪ್ ಮಾಡಿದ ವರದಿ ಹೋಗುತ್ತದೆಂದು ಲ್ಯಾಬ್‌ನವರು ಜಗಳ ತೆಗೆದರು. ಮಾಲೀಕ ಬಕ್ಕೇಶಪ್ಪ ಹೇಳಿ, ದಿನವಿಡೀ ತೆರೆದಿರುವಂತೆ ಮಾಡಿಸಿಕೊಂಡರು.

ಆಮೇಲೆ ಆದದ್ದು ಇದು. ಬೆಳಿಗ್ಗೆ ತಮ್ಮ ಹೆಸರಿನಲ್ಲಿ ತೆರೆದಿದ್ದ ಟೆಕ್ನಿಷಿಯನ್ ಸುಧಾ ಒಂದು ಮಧ್ಯಾಹ್ನ ಜ್ವರವೆಂದು ಮಾನಿಟರ್ ಆರಿಸಿ ತಮ್ಮ ಊರು ಕೊಕ್ಕನೂರಿನ ಬಸ್ ಹತ್ತಿದರು. ಸಂಜೆ ಲ್ಯಾಬ್‌ನಲ್ಲಿದ್ದವರು ಯಾರೋ, ಇನ್ನೊಬ್ಬ ರೋಗಿಯ ಸಕ್ಕರೆ ಪ್ರಮಾಣವನ್ನು ಕರಿಯಣ್ಣ ಎಂಬ ರೋಗಿಯ ವರದಿಗೆ ತುಂಬಿ, ಸರಿ ಎಂದು ಒತ್ತಿದರು. ಇಲ್ಲದ ಕಾಯಿಲೆಗೆ ಹೆದರಿದ ಕರಿಯಣ್ಣ ಮರುದಿನ ಬಂದು ಮತ್ತೆ ರಕ್ತ ಕೊಟ್ಟಾಗ ತಪ್ಪು ಬಯಲಾಯಿತು. ಒತ್ತಿದ್ದು ನಾನೆಂದು ಯಾರೂ ಹೇಳಲಿಲ್ಲ. ವರದಿಯ ಕೆಳಗೆ ಸುಧಾ ಹೆಸರಿತ್ತು. ಮಧ್ಯಾಹ್ನವೇ ಹೋಗಿದ್ದೆನೆಂದರೂ ಕೇಳದೆ ಬಕ್ಕೇಶಪ್ಪ ಸುಧಾ ಅವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು.

ಸುದ್ದಿ ತಿಳಿದು ಮುಸರತ್ ಹರಿಹರಕ್ಕೆ ಹೋದರು.

"ನಿನ್ನ ಸಾಫ್ಟ್‌ವೇರೇ ಸುಧಾ ಅಂತೈತಲ್ಲಮ್ಮ," ಎಂದರು ಬಕ್ಕೇಶಪ್ಪ.

"ಅದು ಹೆಸರು ಹೇಳ್ತೈತ್ರಿ ಸರ್. ಕೈ ಯಾರದು ಅಂತ ಹೇಳಲ್ಲ."

"ಹೆಸರು ಒಬ್ಬರದು, ಕೈ ಒಬ್ಬರದು ಹೆಂಗಾಗ್ತೈತೆ?" ಎಂದವರೇ ತಮ್ಮ ಕೋಣೆಯ ಮಾನಿಟರ್ ಆರಿಸಿ ಊಟಕ್ಕೆ ಎದ್ದರು. ಅವರೆದುರೇ ಮುಸರತ್ ಅದರ ಗುಂಡಿ ಒತ್ತಿದರು. ಬಕ್ಕೇಶಪ್ಪನವರ ಹೆಸರು, ಅವರ ವರದಿಗಳು, ಎಲ್ಲವೂ ಮರಳಿ ಬಂದವು.

"ಈಗ ನಾನೇ ಬಕ್ಕೇಶಪ್ಪ, ನೋಡ್ರಿ."

ಅವರು ನಗಲಿಲ್ಲ. ಊಟಕ್ಕೂ ಹೋಗಲಿಲ್ಲ. "ಸರಿ, ಬೇಗ ಮುಚ್ಚೋದನ್ನ ಒಂದು ದಿನ ನಡೆಸಿ ತೋರ್ಸು. ಕೆಲಸ ನಿಂತ್ರೆ ಹಳೇದೇ ಇರ್ಲಿ. ಹಳೇದಿದ್ರೆ ನನಗೆ ಹೆಸರೊಂದೇ ಗತಿ, ಸುಧಾ ಬರೋದು ಬ್ಯಾಡ."

ಆ ಒಂದು ದಿನವೇ ಈ ಸೋಮವಾರ. ಹೊಸ ಪ್ರೋಗ್ರಾಮ್ ಹತ್ತು ನಿಮಿಷಕ್ಕೆ ಲಾಗಿನ್ ಮುಚ್ಚುತ್ತದೆ, ಆದರೆ ಅರ್ಧ ವರದಿಯನ್ನು ಎತ್ತಿಟ್ಟು, ಅದೇ ವ್ಯಕ್ತಿ ಮತ್ತೆ ಬಂದಾಗ ಮುಂದಿಡುತ್ತದೆ. ಹಳೆಯ ಚೀಟಿಗಳನ್ನೆಲ್ಲ ರದ್ದು ಮಾಡಿ ಮುಸರತ್ ಹರಿಹರದ ಬಸ್ ಹಿಡಿಯುತ್ತಾರೆ, ಲ್ಯಾಬ್‌ನಲ್ಲಿ ರೋಗಿಗಳ ಬೆಂಚಿನ ತುದಿಗೆ ಕೂರುತ್ತಾರೆ.

ಟೆಕ್ನಿಷಿಯನ್ ಕೊಟ್ರೇಶ್ ಒಬ್ಬ ಅಜ್ಜಿಯ ನರ ಹುಡುಕಿ ರಕ್ತ ತೆಗೆದು ಬರುವಷ್ಟರಲ್ಲಿ ಲಾಗಿನ್ ಮುಚ್ಚಿದೆ.

"ಮತ್ತೆ ಹೊರಗ ಹಾಕ್ತಲ್ರಿ ಮೇಡಂ! ನಾನೇನು ಕಳ್ಳನಾ?"

"ಕಳ್ಳ ಅಲ್ಲ ಕೊಟ್ರೇಶಣ್ಣ. ಎದ್ದು ಹೋಗಿದ್ರಿ. ಪಾಸ್‌ವರ್ಡ್ ಹಾಕ್ರಿ."

ಗೊಣಗುತ್ತಲೇ ಅವರು ಟೈಪ್ ಮಾಡುತ್ತಾರೆ, ಮೊದಲ ಸಲ ತಪ್ಪುತ್ತಾರೆ. ಎರಡನೇ ಸಲ ಬಿಟ್ಟು ಹೋದ ವರದಿ ಬಿಟ್ಟ ಸಾಲಿನಲ್ಲೇ ತೆರೆದುಕೊಳ್ಳುತ್ತದೆ. ಕೊಟ್ರೇಶ್ ಮುಂದಿನ ಅಂಕಿ ಒತ್ತುತ್ತಾರೆ. ಬೆಂಚಿನ ಮೇಲೆ ಮುಸರತ್ ಬೆಳಿಗ್ಗೆಯಿಂದ ಮೊದಲ ಸಲ ನೀರು ಕುಡಿಯುತ್ತಾರೆ.

ಸಂಜೆ ಬಕ್ಕೇಶಪ್ಪ ಸುಧಾಗೆ ಫೋನ್ ಮಾಡುತ್ತಾರೆ. "ನಾಳೆ ಬಾರಮ್ಮ." ತಪ್ಪಾಯಿತು ಎನ್ನುವುದಿಲ್ಲ.

"ಎದ್ದು ಹೋಗುವಾಗ ಜನ ತಾವೇ ಮುಚ್ಚಿ ಹೋಗಬೇಕ್ರಿ. ನನ್ನ ಪ್ರೋಗ್ರಾಮ್‌ಗೆ ಆ ಹತ್ತು ನಿಮಿಷದ ಕೆಲಸ ಬರಬಾರದು, ಅಷ್ಟೇ ನನ್ನಾಸೆ," ಎನ್ನುತ್ತಾರೆ ಮುಸರತ್, ಬಸ್ ನಿಲ್ದಾಣದತ್ತ ನಡೆಯುತ್ತ.

ಸೋಮವಾರ ಹರಿಹರದಲ್ಲಿ ಒಂದು ವರದಿಯೂ ಕಳೆಯಲಿಲ್ಲ. ಅದಕ್ಕೆ ಮೊದಲೇ ಕಳೆದುಹೋಗಿದ್ದು ಇಷ್ಟು: ಕರಿಯಣ್ಣನ ಒಂದು ಸಿರಿಂಜು ರಕ್ತ, ಸುಧಾ ಅವರ ಹನ್ನೊಂದು ದಿನದ ದುಡಿಮೆ.