ನೆಕ್ಕಿಯ ಮರೆಯ ರೋಸ್‌ಮೇರಿ

ಅಕ್ಕ ಕಾನ್ವೆಂಟಿನಿಂದ ತಿರುಗಿ ಬಂದ ದಿನ ನಮ್ಮ ಅಮ್ಮ ಅವಳನ್ನು ಹಿಂಬಾಗಿಲಿನಿಂದ ಒಳಗೆ ಕರೆದಳು. ಅಮ್ಮನನ್ನು ನಾವು ಮಾಂಯ್ ಎನ್ನುತ್ತಿದ್ದೆವು. ಎದುರಿನ ದಾರಿಯಲ್ಲಿ ಜನ ಹೋಗುತ್ತಿದ್ದರು, ಅವರ ಕಣ್ಣಿಗೆ ಬೀಳಬಾರದು ಎಂದು ಹಾಗೆ ಮಾಡಿದಳು. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಮಾಂಯ್ ಮೇಲೆ, ಊರಿನವರ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ತಿದ್ದಿ ತೀಡಿ ಬರೆಯಲು ನನಗೆ ಬರುವುದಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ಅಕ್ಕ ಸಿಸ್ಟರ್ ಆಗುವುದಕ್ಕೆ ಘಟ್ಟದ ಮೇಲಿನ ಒಂದು ಕಾನ್ವೆಂಟಿಗೆ ಹೋದವಳು. ಅಲ್ಲಿ ಕೆಮ್ಮು ಹಿಡಿಯಿತು, ಬಿಡಲಿಲ್ಲ. ವ್ರತ ತೆಗೆದುಕೊಳ್ಳುವ ಮೊದಲೇ ಮನೆಗೆ ಕಳುಹಿಸಿದರು. ಕೆಮ್ಮು ಎಂದರೆ ನಮ್ಮ ಜನ ನಂಬಬೇಕಲ್ಲ! ಏನೋ ತಪ್ಪು ಮಾಡಿದ್ದಕ್ಕೇ ಓಡಿಸಿದ್ದಾರೆ ಎಂದರು. ಇಗರ್ಜಿಯಲ್ಲಿ ಹೆಂಗಸರು ಅವಳನ್ನು ಕಂಡು ಬೆಂಚಿನಲ್ಲಿ ಅತ್ತ ಸರಿದರು. ಮುಂದಿನ ಭಾನುವಾರದಿಂದ ಅಕ್ಕ ಕೊನೆಯ ಬೆಂಚಿಗೆ ಹೋದಳು.

ಅವಳ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಗಳಿದ್ದವು. ರೋಸ್‌ಮೇರಿ ಮತ್ತು ಲ್ಯಾವೆಂಡರ್. ಕಾನ್ವೆಂಟಿನ ತೋಟ ನೋಡಿಕೊಳ್ಳುತ್ತಿದ್ದ ಇಟಲಿಯ ಮುದಿ ಸಿಸ್ಟರ್ ಒಬ್ಬರು ಕೊಟ್ಟದ್ದು. ನಮ್ಮ ಮನೆ ಮಣಿಪಾಲದ ಗುಡ್ಡದ ಬುಡದಲ್ಲಿ. ಹಿತ್ತಿಲು ಎಂದರೆ ಬರೇ ಮುರಕಲ್ಲಿನ ಪಾರೆ, ಮಣ್ಣೇ ಇಲ್ಲದ ಕೆಂಪು ಬಂಡೆ. ಮಾರ್ಚ್ ಕಳೆಯಿತೆಂದರೆ ಬಾವಿಗೆ ಇಳಿಸಿದ ಕೊಡ ತಳಕ್ಕೆ ಬಡಿಯುತ್ತಿತ್ತು.

“ದನಕ್ಕೆ ಕುಡಿಯಲು ನೀರಿಲ್ಲ, ನಿನ್ನ ಕಡ್ಡಿಗೆ ಎಲ್ಲಿಂದ? ಒಂದು ಚೊಂಬು ಎತ್ತಿ ನೋಡು, ಕಿತ್ತು ಬಿಸಾಡುತ್ತೇನೆ” ಎಂದಳು ಮಾಂಯ್.

“ಇದಕ್ಕೆ ನೀರು ಬೇಡ ಮಾಂಯ್. ಆ ಸಿಸ್ಟರಿನ ಊರಿನಲ್ಲಿ ಬೇಸಿಗೆ ಇಡೀ ಮಳೆ ಇಲ್ಲವಂತೆ. ಕಲ್ಲಿನ ಸಂದಿನಲ್ಲಿ ಬೆಳೆಯುತ್ತದಂತೆ.”

“ಸರಿ, ಮಳೆಗಾಲಕ್ಕೆ ಎಂತ ಮಾಡುತ್ತಿ? ಅವರ ಊರಿನಲ್ಲಿ ನಮ್ಮ ಆಟಿ ತಿಂಗಳ ಮಳೆ ಉಂಟಾ?”

ಮಾಂಯ್ ಹೇಳಿದ್ದೇ ಆಯಿತು. ಬಿಸಿಲಿಗೆ ಬಾಡದ ಗಿಡಗಳು ಮೊದಲ ಮಳೆಗಾಲದಲ್ಲಿ ಬುಡ ಕೊಳೆತು ಅರ್ಧಕ್ಕರ್ಧ ಸತ್ತವು. ಅಕ್ಕ ಅಳಲಿಲ್ಲ. ಯಾವುದು ಸತ್ತಿತು, ಯಾವುದು ಉಳಿಯಿತು ಎಂದು ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದಳು. ಉಳಿದವೆಲ್ಲ ಪಾರೆಯ ಅಂಚಿನಲ್ಲಿ ತಾನಾಗಿ ಎದ್ದಿದ್ದ ನೆಕ್ಕಿ ಗಿಡಗಳ ಮರೆಯಲ್ಲಿದ್ದವು. ನೆಕ್ಕಿ ಎಂದರೆ ಘಟ್ಟದ ಮೇಲಿನವರ ಲಕ್ಕಿ ಗಿಡ.

ಆಗ ಗುಡ್ಡದ ಮೇಲೆ ಕಾಲೇಜಿನ ಕಟ್ಟಡಗಳು ಏಳುತ್ತಿದ್ದವು. ಕಲ್ಲು ಕೆತ್ತಿದ ಚೂರು ರಾಶಿ ಬಿದ್ದಿರುತ್ತಿತ್ತು, ಯಾರಿಗೂ ಬೇಡದ್ದು. ಅಕ್ಕ ಅದನ್ನು ಬುಟ್ಟಿಯಲ್ಲಿ ಹೊತ್ತು ತಂದು ಮೊಣಕಾಲೆತ್ತರದ ದಿಬ್ಬ ಮಾಡಿದಳು. ನೆತ್ತಿಯಲ್ಲಿ ರೋಸ್‌ಮೇರಿ, ಲ್ಯಾವೆಂಡರ್. ಇಳಿಜಾರಿನಲ್ಲಿ ಚೂರು ಜಾರದ ಹಾಗೆ ಲಾವಂಚ. ಗಾಳಿ ಬರುವ ಪಡುವಣ ಬದಿಗೆ ನೆಕ್ಕಿ, ಅದರ ಬುಡಕ್ಕೆ ಕೆಂಪು ಗೊಂಚಲು ಹೂವಿನ ಕೇಪುಳ. ಬೇಲಿಗೆ ಕಣಗಿಲೆ. ಕಣಗಿಲೆ ನಮ್ಮದೇ ಎಂದು ನಾನು ತಿಳಿದಿದ್ದೆ. ಕಾನ್ವೆಂಟಿನ ಬೇಲಿಯಲ್ಲಿ ಅದನ್ನು ಕಂಡು ಆ ಇಟಲಿಯ ಸಿಸ್ಟರ್, ‘ಇದು ನಮ್ಮೂರಿನ ಬತ್ತಿದ ಹೊಳೆಗಳಲ್ಲೂ ಉಂಟು’ ಎಂದು ಮಗುವಿನ ಹಾಗೆ ಹಿಗ್ಗಿದ್ದರಂತೆ. ಕಣಗಿಲೆ ಎರಡೂ ಕಡೆ ಬದುಕುವುದಾದರೆ ಉಳಿದವನ್ನೂ ಒಟ್ಟಿಗೆ ಬದುಕಿಸಬಹುದು ಎಂದು ಅಕ್ಕನಿಗೆ ಹೊಳೆದದ್ದು ಹಾಗೆ.

ಮಳೆ ಹಿಡಿದಾಗ ಅವಳು ಹಳೆಯ ಗೊರಬುಗಳನ್ನು ಬೇಡಿ ತಂದಳು. ನಾಟಿಯ ಹೆಂಗಸರು ತಲೆಯಿಂದ ಬೆನ್ನಿಗೆ ಇಳಿಬಿಟ್ಟು ಹಾಕಿಕೊಳ್ಳುವ, ಎಲೆಯಲ್ಲಿ ಹೆಣೆದ ಗೊರಬು. ಅದನ್ನು ರೋಸ್‌ಮೇರಿಯ ಮೇಲೆ ಬೋರಲು ಹಾಕಿ ನೆಕ್ಕಿಯ ಕಾಂಡಕ್ಕೆ ಬಳ್ಳಿಯಿಂದ ಕಟ್ಟಿದಳು. ದಾರಿಯಲ್ಲಿ ಹೋಗುವವರು ನಕ್ಕರು. “ನಾಟಿಗೆ ಜನ ಸಿಕ್ಕಿದರಾ?” ಎಂದು ಕೇಳಿದರು. ನಾನೂ ಅವರ ಜೊತೆ ನಕ್ಕೆ.

ನಂತರದ ಬೇಸಿಗೆ ಕೆಟ್ಟದಾಗಿತ್ತು. ಎಲ್ಲರ ಅಂಗಳದ ಹೂವೂ ಸುಟ್ಟುಹೋಯಿತು. ಮೇ ಎಂದರೆ ಮರಿಯಮ್ಮನ ತಿಂಗಳು, ಇಗರ್ಜಿಯ ಪೀಠಕ್ಕೆ ಹೂವಿಲ್ಲ. ಅಕ್ಕ ಒಂದು ಬುಟ್ಟಿ ತೆಗೆದುಕೊಂಡು ಹೋದಳು. ಕೆಂಪು ಕೇಪುಳ, ಗುಲಾಬಿ ಬಣ್ಣದ ಕಣಗಿಲೆ, ನೆಕ್ಕಿಯ ನೀಲಿ ತೆನೆ, ನಡುವೆ ರೋಸ್‌ಮೇರಿಯ ಟೊಂಗೆ. ಲ್ಯಾವೆಂಡರ್ ಹೂ ಬಿಡಲಿಲ್ಲ, ಎಲೆಯ ಪರಿಮಳವೇ ಸಾಕು ಎಂದಳು. ಬಾವಿಯ ಒಂದು ಹನಿ ನೀರು ಮುಟ್ಟದ ಹೂವು. ಪಾದ್ರಿಗಳು ಯಾರು ತಂದದ್ದು ಎಂದು ವಿಚಾರಿಸಿದರು. ಪೀಠದ ಅಲಂಕಾರವನ್ನು ಇನ್ನು ನೀನೇ ನೋಡಿಕೋ ಎಂದರು. ಅಂದಿನಿಂದ ಅಕ್ಕ ಎಲ್ಲರ ಎದುರಿನಲ್ಲಿ, ತಲೆ ಎತ್ತಿ, ನಡುದಾರಿಯಲ್ಲಿ ನಡೆದು ಮುಂದೆ ಹೋಗುತ್ತಿದ್ದಳು. ಅವಳಿಗೆ ಊರಿನಲ್ಲಿ ಇದ್ದ ಜಾಗ ಅದೊಂದೇ, ಅದು ಆ ದಿಬ್ಬದಿಂದ ಬಂದದ್ದು. ನನಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮುಂದಿನ ವರ್ಷವೂ ಮೇ ತಿಂಗಳು ಅವಳ ಹೂವಿನಲ್ಲೇ ಕಳೆಯಿತು. ಅದು ಮುಗಿದ ಮೇಲೆ ಕಾರ್ಕಳದ ಚಿಕ್ಕಮ್ಮನ ಬಾಣಂತನಕ್ಕೆ ಅಕ್ಕ ಹೊರಟಳು. ಹೋಗುವ ಮೊದಲು ಗೊರಬುಗಳನ್ನೆಲ್ಲ ಕಟ್ಟಿ ನನ್ನನ್ನು ಕರೆದಳು.

“ಗಾಳಿಗೆ ಸಡಿಲಾದರೆ ಬಿಗಿ ಮಾಡು. ಬಿಸಿಲು ಬಂದ ದಿನ ಎತ್ತಿಡು. ಬೇರೆ ಎಂತದೂ ಮಾಡಬೇಡ. ಗೊಬ್ಬರ ಬೇಡ, ಅಗೆಯುವುದು ಬೇಡ.”

“ಸುಮ್ಮನೆ ಇರುವುದಕ್ಕೂ ಪಾಠವಾ?”

“ನಿನಗೆ ಅದೇ ಕಷ್ಟ ಮಾರಾಯ್ತಿ.”

ಇಬ್ಬರೂ ನಕ್ಕೆವು. ನಾವು ಹಾಗೆ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ನನಗೆ ಬಂದ ಸಂಬಂಧಗಳು ಅಕ್ಕನ ಸುದ್ದಿ ಕೇಳಿ ಹಿಂದೆ ಹೋಗಿದ್ದವು. ಆ ಹೊಟ್ಟೆಯುರಿ ನನ್ನಲ್ಲಿತ್ತು. ಅಕ್ಕ ಹೋದ ಮೇಲೆ ಕಾಪುವಿನಿಂದ ಒಂದು ಸಂಬಂಧ ಬಂತು. ಮನೆ ನೋಡಲು ಬರುತ್ತಾರೆ ಎಂದಾಯಿತು. ಮಾಂಯ್ ಹಿತ್ತಿಲ ಕಡೆ ನೋಡಿ, “ಕಾಡಿನ ಹಾಗೆ ಉಂಟು” ಎಂದಳು. ಅಷ್ಟೇ ಅಂದದ್ದು. ಕಡಿ ಎನ್ನಲಿಲ್ಲ. ಕತ್ತಿ ಹಿಡಿದದ್ದು ನಾನು.

ಮಳೆ ಶುರುವಾಗಿತ್ತು. ಹಟ್ಟಿಯಲ್ಲಿ ದನದ ಕಾಲಡಿಗೆ ದಿನವೂ ಸೊಪ್ಪು ಹಾಸಬೇಕು. ಗುಡ್ಡಕ್ಕೆ ಹತ್ತುವ ಬದಲು ನೆಕ್ಕಿಯನ್ನು ಬುಡಕ್ಕೆ ಕಡಿದೆ, ಕೇಪುಳವನ್ನು ಸವರಿದೆ. ನಮ್ಮ ಕಡೆಯವರಿಗೆ ನೆಕ್ಕಿ, ಕೇಪುಳ ಗಿಡವೇ ಅಲ್ಲ, ಹಟ್ಟಿಯ ಸೊಪ್ಪು. ಬೆಲೆಯಿರುವುದು ಪರದೇಶದ ಗಿಡಕ್ಕೆ, ಅದು ಸಾಲಾಗಿ ಚೊಕ್ಕವಾಗಿ ಕಾಣಲಿ ಎಂದುಕೊಂಡೆ. ಲಾವಂಚವನ್ನು ಬೇರು ಸಮೇತ ಕಿತ್ತು, ತೊಳೆದು, ಪರಿಮಳಕ್ಕೆಂದು ವರನ ತಾಯಿಗೆ ಕಟ್ಟು ಕಟ್ಟಿ ಕೊಟ್ಟೆ. ಕಣಗಿಲೆಯನ್ನು ಮಾತ್ರ ಮುಟ್ಟಲಿಲ್ಲ. ದನ ತಿಂದರೆ ವಿಷ ಎಂಬ ಬುದ್ಧಿ ಇತ್ತಲ್ಲ! ಗೊರಬುಗಳನ್ನು ಕಾಣಲು ಚಂದವಿಲ್ಲ ಎಂದು ಬಿಚ್ಚಿಟ್ಟೆ. ಬಂದವರು ಹೋದ ಮೇಲೆ ಮತ್ತೆ ಕಟ್ಟಲು ನೋಡಿದರೆ ಕಟ್ಟುವುದಕ್ಕೆ ಕಾಂಡವೇ ಇರಲಿಲ್ಲ.

ವರನ ತಾಯಿ ಕಿಟಕಿಯಿಂದ ಇಣುಕಿ ರೋಸ್‌ಮೇರಿಯನ್ನು ನೋಡಿ, “ಇದೆಂತ, ಹುಲ್ಲಾ?” ಎಂದು ಕೇಳಿದರು.

ಮದುವೆ ಗಟ್ಟಿಯಾಯಿತು.

ಆಮೇಲಿನ ಮಳೆಗೆ ದಿಬ್ಬ ಒಂದು ಬದಿಯಿಂದ ಕುಸಿಯಿತು. ಹಿಡಿಯಲು ಬೇರು ಇರಲಿಲ್ಲ, ಗಾಳಿಗೆ ಅಡ್ಡ ಇರಲಿಲ್ಲ. ಲ್ಯಾವೆಂಡರ್ ಕೊಳೆತ ಬೈಹುಲ್ಲಿನ ಹಾಗೆ ಮಲಗಿತು. ರೋಸ್‌ಮೇರಿಯ ಬುಡ ಕಪ್ಪಾಯಿತು. ಮುಟ್ಟಿದರೆ ಎಲೆ ಉದುರಿ ಕೈಗೆ ಪರಿಮಳ ಅಂಟುತ್ತಿತ್ತು. ನಾನು ಮುಟ್ಟುವುದನ್ನೇ ಬಿಟ್ಟೆ.

ಸೆಪ್ಟೆಂಬರಿನಲ್ಲಿ, ಹೊಸ ತೆನೆಯ ಹಬ್ಬಕ್ಕೆ ಅಕ್ಕ ಬಂದಳು. ಕಾಲು ತೊಳೆಯದೆ ನೇರ ಹಿತ್ತಿಲಿಗೆ ಹೋದಳು. ನಾನು ಹಿಂದಿನಿಂದ ಹೋಗಿ ಹೇಳಿದೆ: “ಈ ಸಲ ಗಾಳಿ ಮಳೆ ಜೋರು ಅಕ್ಕ. ಎಷ್ಟು ಕಟ್ಟಿದರೂ ಒಂದೂ ನಿಲ್ಲಲಿಲ್ಲ.”

ಓರೆಯಾಗಿ ಕಡಿದ ನೆಕ್ಕಿಯ ಬೊಡ್ಡೆಗಳು ಆಗಲೇ ಚಿಗುರಿದ್ದವು. ಅಕ್ಕ ಅವನ್ನು ನೋಡಿದಳು. “ಹೌದಾ” ಎಂದಳು. ಕಾಲು ತೊಳೆಯಲು ಬಾವಿಕಟ್ಟೆಗೆ ಹೋದಳು.

ಮುಂದಿನ ಮೇ ತಿಂಗಳಲ್ಲಿ ಅವಳ ಬುಟ್ಟಿಯಲ್ಲಿ ಬರೇ ಕಣಗಿಲೆ. ಪೀಠದ ಕೆಲಸವನ್ನು, ನೀರಿದ್ದ ಹಿತ್ತಿಲಿನ ಒಬ್ಬ ಹೆಂಗಸು ತೆಗೆದುಕೊಂಡಳು. “ಕಾನ್ವೆಂಟೂ ಮುಗಿಯಿತು, ಹೂವೂ ಮುಗಿಯಿತು” ಎಂದು ಅವಳು ಇಗರ್ಜಿಯ ಮೆಟ್ಟಿಲಿನಲ್ಲಿ ಹೇಳಿದ್ದನ್ನು ನಾನು ಕೇಳಿದೆ. ಕಾಪುವಿನ ಗಂಡನ ಮನೆಯ ಹೊಸ ಸೀರೆ ಉಟ್ಟು ಅಲ್ಲೇ ನಿಂತಿದ್ದೆ. ಸೆರಗು ಸರಿಮಾಡಿಕೊಂಡೆ. ಅಕ್ಕ ಕೊನೆಯ ಬೆಂಚಿಗೆ ಹೋಗಿ ಕುಳಿತಳು.

ಪಾಪನಿವೇದನೆಯಲ್ಲಿ ಹೇಳಿ ನೋಡಿದೆ. ಗಿಡ ತಾನೆ, ಒಂದು ಜಪಸರ ಹೇಳು ಎಂದರು ಪಾದ್ರಿಗಳು. ಗಿಡ ತಾನೆ! ನನಗೆ ಆ ಮಾತಿನ ಮೇಲೂ ಸಿಟ್ಟು ಬಂತು. ಜಪಸರ ಮಾತ್ರ ಹೇಳಿದೆ.

ಕೆಲವು ವರ್ಷ ಕಳೆದ ಮೇಲೆ, ಮಾಂಯ್ ತೀರಿಕೊಂಡ ನಂತರದ ಒಂದು ಆಟಿಯಲ್ಲಿ ತವರಿಗೆ ಬಂದವಳು ಅಕ್ಕನ ಹತ್ತಿರ ಹೇಳಿಯೇಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಗೊತ್ತುಂಟು. ಮಳೆ ಕತ್ತಿಯ ಹಾಗೆ ಓರೆ ಮಾಡಿ ಕಡಿಯುತ್ತದಾ?”

“ಮತ್ತೆ ಯಾಕೆ ಕೇಳಲಿಲ್ಲ?”

“ನಿನ್ನ ಮದುವೆ ಇತ್ತು.”

“ಆ ಸಿಸ್ಟರಿನ ಹತ್ತಿರ ಬೇರೆ ಕಡ್ಡಿ ತರಿಸಬಹುದಿತ್ತಲ್ಲ?”

“ತರಿಸಿ? ನಾನು ಕೆಮ್ಮಿ ಮಲಗಿದರೆ ಗೊರಬು ಕಟ್ಟುವುದು ಯಾರು? ನೀನಾ?”

ನಾನು ಅಳಲು ಶುರುಮಾಡಿದೆ. ಆಗ ಅವಳು ತಲೆ ಎತ್ತಿದಳು. ಅಷ್ಟು ಸಿಟ್ಟನ್ನು ನಾನು ಅವಳ ಮುಖದಲ್ಲಿ ಕಂಡಿರಲಿಲ್ಲ.

“ಹೇಳಿ ಹಗುರ ಆಗಬೇಕು ಅಲ್ವಾ ನಿನಗೆ? ಅದನ್ನು ಪಾದ್ರಿಗಳ ಹತ್ತಿರ ಮಾಡಿಕೋ. ನನ್ನಿಂದ ಆಗುವುದಿಲ್ಲ.” ಮೊರ ಬದಿಗಿಟ್ಟು ಎದ್ದಳು. ಗೋಡೆಗೆ ಸಿಕ್ಕಿಸಿದ್ದ ಕತ್ತಿಯನ್ನು ತಂದು ನನ್ನ ಮುಂದೆ ಹಾಕಿದಳು. “ಹಟ್ಟಿ ಒದ್ದೆಯಾಗಿದೆ. ಸೊಪ್ಪು ತಾ.”

“ಯಾವುದು?”

“ನೆಕ್ಕಿ. ಬೇಕಾದಷ್ಟು ಎದ್ದಿದೆ. ಈಗ ಅದು ಬರೇ ಸೊಪ್ಪು.”

ಹೊರಗೆ ಹೋದೆ. ದಿಬ್ಬದ ಗುರುತೂ ಇರಲಿಲ್ಲ. ನೆಕ್ಕಿ ಆಳೆತ್ತರ ಬೆಳೆದು ಮಳೆಗಾಳಿಗೆ ತೂಗುತ್ತಿತ್ತು, ಅದರ ಮರೆಯಲ್ಲಿ ಏನೂ ಇರಲಿಲ್ಲ. ಅಕ್ಕ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. ಅವಳು ನೋಡುತ್ತಿದ್ದ ಹಾಗೆಯೇ ನಾನು ಬುಡಕ್ಕೆ ಬಗ್ಗಿ ಕಡಿದೆ.